ಕೆಳಗಿನ ಮಂಚದವರ ನಿದ್ದೆ

ಮಸ್ಕೀಗನ್, ಮಿಶಿಗನ್
ಫೆಬ್ರವರಿ 7, 2016

ಪ್ರೀತಿಯ ಡ್ವೈಟ್,

"ಒಬ್ಬರ ಮೌನದಲ್ಲಿ ಇನ್ನೊಬ್ಬರು ಮನೆ ಮಾಡಿಕೊಂಡಿರುತ್ತಾರೆ." ನಿನ್ನ ಪತ್ರ ಓದಿದಾಗಿನಿಂದ ಈ ಸಾಲು ತಲೆಯಲ್ಲಿ ಸುಳಿದಾಡುತ್ತಿದೆ. ಎಂ.ಎ. ಓದುವಾಗ ಯಾವುದೋ ಪುಸ್ತಕದಲ್ಲಿ ಕಂಡದ್ದಿರಬೇಕು. ಮನೆ ಮಾಡಿಕೊಂಡಿರುತ್ತಾರೆ ಎಂದಿತ್ತೋ, ಕಾದು ಕೂತಿರುತ್ತಾರೆ ಎಂದಿತ್ತೋ, ಅದೂ ಖಚಿತವಿಲ್ಲ. ಆಗ ಬಹಳ ಚೆನ್ನಾಗಿದೆ ಅನಿಸಿತ್ತು. ಈಗ ಸಂಶಯ. ಬರೆದವರು ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದಿರಬೇಕು. ಮಂಚದ ಮೇಲೊಂದು ಮಂಚ ಇರುವ ಕೋಣೆಯಲ್ಲಿ ಇದ್ದವರು ಹಾಗೆ ಬರೆಯುತ್ತಿರಲಿಲ್ಲ.

ನೀನು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ನಿನ್ನ ಕೋಣೆಗೆ ಹೊಸದಾಗಿ ಒಬ್ಬರು ಮುದುಕರನ್ನು ಹಾಕಿದ್ದಾರೆ. ಹೆಸರು ಹೋಬರ್ಟ್, ಎಲ್ಲರೂ ಅಜ್ಜ ಎನ್ನುತ್ತಾರೆ. ವಯಸ್ಸಾದವರಾದ್ದರಿಂದ ಅವರಿಗೆ ಕೆಳಗಿನ ಮಂಚ, ನಿನಗೆ ಮೇಲಿನದು. ಜೈಲಿನಲ್ಲಿ ಟೀವಿಯ ಸದ್ದು ಹೊರಗೆ ಬರುವಂತಿಲ್ಲ, ಹೆಡ್‌ಫೋನ್ ಹಾಕಿಕೊಂಡೇ ನೋಡಬೇಕು. ನಿನ್ನ ಹೆಡ್‌ಫೋನಿನ ಸ್ಪಂಜು ಪುಡಿಯಾಗಿ ಹೋಗಿ ಸದ್ದೆಲ್ಲ ಹೊರಗೆ ಸೋರುತ್ತದೆ. ಕಾಲುಚೀಲ ಕತ್ತರಿಸಿ ಸುತ್ತಿದರೂ ನಿಂತಿಲ್ಲ. ಅಜ್ಜ ಒಮ್ಮೆ ಮೆತ್ತಗೆ ಹೇಳಿದರು. ಎರಡನೆಯ ಸಲ ಎದ್ದು ಬಂದು ಟೀವಿಯ ವೈರು ಕಿತ್ತರು. ಮೂರನೆಯ ಸಲ ಏನಾಗುತ್ತದೆ ಎಂದು ನೀನು ಬರೆದಿಲ್ಲ.

ಸೆಪ್ಟೆಂಬರಿನಲ್ಲಿ ನಿನ್ನ ಬಿಡುಗಡೆ ತೀರ್ಮಾನಿಸುವ ಪೆರೋಲ್ ಮಂಡಳಿ ಕೂರುತ್ತದೆ. ಅಷ್ಟರೊಳಗೆ ನಿನ್ನ ಹೆಸರಿಗೆ ನಿಯಮ ಮುರಿದನೆಂಬ ಒಂದು ಟಿಕೆಟ್ ಬಂದರೂ, ಅದು ಜಗಳದ್ದೇ ಇರಲಿ ಬೇರೆಯದೇ ಇರಲಿ, ಮತ್ತೊಂದು ವರ್ಷ ಒಳಗೇ. ಇಷ್ಟು ನನಗೆ ಗೊತ್ತು. ಆದ್ದರಿಂದ ಹೆಡ್‌ಫೋನ್ ನನಗೆ ಬಿಡು. ಅಲ್ಲಿಯ ಅಡುಗೆಮನೆಯ ಕೂಲಿಯಲ್ಲಿ ಉಳಿಸಿ ಕೊಳ್ಳುತ್ತೇನೆ ಎಂದಿದ್ದೀಯ, ಬೇಡ.

ಕೆರೆಯ ಮೇಲಿನ ಹಿಮ ಇನ್ನೂ ಗಟ್ಟಿಯಾಗಿದೆ. ಕಾಲೇಜಿನಲ್ಲಿ ಹುಡುಗರ ಪ್ರಬಂಧ ತಿದ್ದುವ ಕೆಲಸ ನಡೆಯುತ್ತಿದೆ.

ನಿನ್ನ ಅಕ್ಕ,
ಮಾರ್ಲಾ


ಫೆಬ್ರವರಿ 21

ಅಕ್ಕಾ,

ಸರಿಯಾಗಿಯೇ ತಿಳಿದುಕೊಂಡಿದ್ದೀಯ. ಒಂದು ಮಾತ್ರ ತಿದ್ದಬೇಕು. ಅಜ್ಜ ಕೆಟ್ಟವರಲ್ಲ. ವೈರು ಕಿತ್ತದ್ದನ್ನು ಬರೆದ ಮೇಲೆ ನೀನು ಹಾಗೆ ತಿಳಿಯುತ್ತೀಯೇನೋ ಎಂದು ಅನಿಸಿತು. ವೈರು ಕಿತ್ತವರು ಅದನ್ನು ಸುತ್ತಿ, ಮಡಿಸಿ, ನನ್ನ ದಿಂಬಿನ ಪಕ್ಕ ಇಟ್ಟು ಹೋಗಿ ಮಲಗಿದರು. ಎಸೆಯಲಿಲ್ಲ.

ಇಲ್ಲಿ ಜೋರು ಸದ್ದಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಗಿಲು, ಕೂಗು, ಮೈಕು ಎಲ್ಲಕ್ಕೂ ಹೊಂದಿಕೊಂಡುಬಿಡುತ್ತೇವೆ. ಹೆಡ್‌ಫೋನಿನಿಂದ ಸೋರುವ ಆ ಸಣ್ಣ ಚಿಟಿಚಿಟಿ ಸದ್ದಿಗೇ ಜನ ಕೈ ಎತ್ತುವುದು. ಹೋದ ಬೇಸಿಗೆಯಲ್ಲಿ ಆಚೆ ಸಾಲಿನಲ್ಲಿ ಒಬ್ಬನ ಹಲ್ಲು ಹೋಯಿತು.

ಟೀವಿ ಬಿಟ್ಟುಬಿಡು ಎಂದು ನೀನು ಹೇಳಲಿಲ್ಲ. ಅದಕ್ಕೆ ಉಪಕಾರ. ಬಿಟ್ಟು ನೋಡಿದ್ದೇನೆ. ಬಿಟ್ಟರೆ ಬೇರೆ ಯೋಚನೆಗಳು ಬರುತ್ತವೆ.

ದುಬಾರಿಯದು ಬೇಡ.

ಡ್ವೈಟ್


ಮಾರ್ಚ್ 19

ಪ್ರೀತಿಯ ಡ್ವೈಟ್,

ನಾನು ಒಂದು ಮೂರ್ಖತನ ಮಾಡಿದ್ದೇನೆ. ಓದಿ ನಗು, ಆಮೇಲೆ ಮರೆತುಬಿಡು.

ಹೆಡ್‌ಫೋನ್ ಬಗ್ಗೆ ನನಗೆ ಏನೂ ತಿಳಿಯದು ಎಂದು ಪೇಟೆಯ ಅಂಗಡಿಗೆ ಹೋದೆ. ಗಡ್ಡದ ಹುಡುಗನೊಬ್ಬ ಬಂದು ಏನು ಬೇಕೆಂದು ಕೇಳಿದ. ಪಕ್ಕದವರಿಗೆ ಕೇಳಿಸಬಾರದು, ಬೆಲೆ ಕಡಿಮೆ ಇರಬೇಕು ಎಂದೆ.

"ಪಕ್ಕದೋರು ಎಷ್ಟು ದೂರದಲ್ಲಿರ್ತಾರೆ?"

"ಮೂರಡಿ. ಕೆಳಗೆ."

"ಹಾಸ್ಟೆಲ್ಲಾ?"

"ಹೂಂ, ಒಂಥರಾ."

ಅವನು ತಾಳ್ಮೆಯಿಂದ ತಿಳಿಸಿದ. ಕೆಲವು ಹೆಡ್‌ಫೋನುಗಳ ಬೆನ್ನಿಗೆ ಜಾಲರಿ ಇರುತ್ತದಂತೆ. ಸಂಗೀತ ಬಲ್ಲವರು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವುದು ಅದನ್ನೇ, ಹೆಚ್ಚು ಸೋರುವುದೂ ಅದೇ. ನಮಗೆ ಬೇಕಾದದ್ದು ಬೆನ್ನು ಮುಚ್ಚಿದ, ಕಿವಿಯನ್ನು ಪೂರ್ತಿ ಒಳಗೆ ಹಾಕಿಕೊಳ್ಳುವ, ದಪ್ಪ ರೆಕ್ಸಿನ್ ಮೆತ್ತೆಯದು. ಅಂಥವು ಮೂರು ತೋರಿಸಿದ. ಮೂರನ್ನೂ ತಂದೆ, ಬೇಡವಾದದ್ದನ್ನು ಹಿಂದಿರುಗಿಸುವ ಮಾತಿನ ಮೇಲೆ.

ಪರೀಕ್ಷೆ ಮಾಡಲು ಇನ್ನೊಂದು ತಲೆ ಬೇಕಿತ್ತು. ಒಂದು ಕರ್ಬೂಜದ ಹಣ್ಣು ತಂದು ಅದಕ್ಕೆ ತೊಡಿಸಿ, ವಾರ್ತೆ ಹಾಕಿ, ಮೂರಡಿ ಕೆಳಗೆ ನೆಲದ ಮೇಲೆ ಮಲಗಿ ಕೇಳಿದೆ. ಮೊದಲನೆಯದರಲ್ಲಿ ವಾರ್ತೆ ಅರ್ಥವಾಗುವಷ್ಟು ಕೇಳಿತು. ಎರಡನೆಯದರಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನುವಷ್ಟು. ಮೂರನೆಯದರಲ್ಲಿ ನನ್ನ ಫ್ರಿಜ್ಜಿನ ಸದ್ದು ಮಾತ್ರ. ಅದನ್ನೇ ಚೆನ್ನಾಗಿ ಕಟ್ಟಿ ನಿನಗೆ ಕಳಿಸಿದೆ.

ನಿನ್ನೆ ಪೊಟ್ಟಣ ತಿರುಗಿ ಬಂತು. ಮೇಲೆ ಕೆಂಪು ಮುದ್ರೆ. ಮನೆಯವರು ಏನನ್ನೂ ನೇರವಾಗಿ ಕಳಿಸುವಂತಿಲ್ಲ, ಒಪ್ಪಿಗೆ ಪಡೆದ ಅಂಗಡಿಯಿಂದಲೇ ತರಿಸಬೇಕು. ಒಳಗೆ ಏನೂ ಬಚ್ಚಿಡದಂತೆ ಪಾರದರ್ಶಕ ಪ್ಲಾಸ್ಟಿಕ್‌ನದೇ ಆಗಬೇಕು. ನಾನು ಕಳಿಸಿದ್ದು ಕಪ್ಪು. ಇಷ್ಟು ವರ್ಷಗಳಿಂದ ನಿನ್ನ ಟೀವಿಯನ್ನು, ರೇಜರನ್ನು, ಎಲ್ಲವನ್ನೂ ಗಾಜಿನಂಥ ಪ್ಲಾಸ್ಟಿಕ್ಕಿನಲ್ಲೇ ತರಿಸಿದವಳು ನಾನೇ. ಸದ್ದನ್ನು ಯೋಚಿಸುತ್ತ ಬಣ್ಣ ಮರೆತೆ.

ಅಜ್ಜನಿಗೆ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳಲು ಹೇಳು. ಹೇಳುವುದು ಸರಿಯಲ್ಲ ಎನಿಸಿದರೆ ಬೇಡ.

ಮಾರ್ಲಾ


ಏಪ್ರಿಲ್ 3

ಅಕ್ಕಾ,

ಕರ್ಬೂಜದ ಭಾಗ ಓದಿ ನಕ್ಕೆ. ಅಜ್ಜ ಕೆಳಗಿನಿಂದ ಏನು ಎಂದು ಕೇಳಿದರು. ಓದಿ ಹೇಳಿದೆ. "ನಿಮ್ಮಕ್ಕ ನೆಲದ ಮೇಲೆ ಮಲಗಿ ಕೇಳಿದ್ರಾ?" ಅಂದರು. ಹೌದು ಅಂದೆ.

ಕ್ಯಾಟಲಾಗಿನಲ್ಲಿ ಮೂರೇ ಇವೆ. ಒಂದು ಕಿವಿಯ ಮೇಲೆ ಕೂರುವುದು, ಒಂದು ಕಿವಿಯನ್ನು ಮುಚ್ಚುವುದು, ಒಂದು ಕಿವಿಯ ತೂತಿನೊಳಗೆ ಹೋಗುವ ಪುಟ್ಟದು. ಮೂರಕ್ಕೂ "ಸ್ಪಷ್ಟ ಧ್ವನಿ" ಎಂದಷ್ಟೇ ಬರೆದಿದ್ದಾರೆ. ಸೋರುವ ವಿಷಯ ಬರೆಯುವುದಿಲ್ಲ. ಇಲ್ಲಿ ಕೇಳಿದರೆ ಪ್ರತಿಯೊಬ್ಬನೂ ತನ್ನದೇ ಒಳ್ಳೆಯದು ಅನ್ನುತ್ತಾನೆ. ಅವನ ಕೋಣೆಯವನನ್ನು ಕೇಳಬೇಕು, ಅದನ್ನು ಕೇಳುವ ಹಾಗಿಲ್ಲ.

ನಾನು ಈಗ ಅಜ್ಜ ಊಟಕ್ಕೆ ಹೋದಾಗ ಮಾತ್ರ ಟೀವಿ ಹಾಕುತ್ತೇನೆ. ಅವರು ಬೇಗ ಉಣ್ಣುವವರು.

ಡ್ವೈಟ್


ಏಪ್ರಿಲ್ 28

ಪ್ರೀತಿಯ ಡ್ವೈಟ್,

ಇವತ್ತು ಆರ್ಡರ್ ಮಾಡಿದೆ. ಹೇಗೆ ಆರಿಸಿದೆ ಎಂದು ಹೇಳುತ್ತೇನೆ.

ಒಳಗಿರುವವರ ತಾಯಂದಿರು, ಹೆಂಡಂದಿರು ಸೇರಿ ಮಾಡಿಕೊಂಡ ಒಂದು ಗುಂಪು ಇದೆ. ತಿಂಗಳಿಗೊಮ್ಮೆ ಗ್ರ್ಯಾಂಡ್ ರ‍್ಯಾಪಿಡ್ಸಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಾರೆ. ನಾನು ಎಂದೂ ಹೋದವಳಲ್ಲ. ಈ ಸಲ ಹೋದೆ. ಕಾಫಿ, ಮನೆಯಲ್ಲಿ ಮಾಡಿದ ಕೇಕು. ಯಾರ ಮಗ ಏನು ಮಾಡಿ ಒಳಗೆ ಹೋದ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಎಷ್ಟು ವರ್ಷ ಎಂದು ಮಾತ್ರ ಕೇಳುತ್ತಾರೆ.

ನಾನು ಹೆಡ್‌ಫೋನ್ ವಿಷಯ ಎತ್ತಿದ ಕೂಡಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆರ್ಡೆಲ್ ಎಂಬ ದಪ್ಪನೆಯ ಹೆಂಗಸು, ಇಬ್ಬರು ಗಂಡುಮಕ್ಕಳನ್ನು ಒಳಗೆ ಕಳಿಸಿಕೊಂಡವರು, ಎಲ್ಲರ ಬಾಯಿ ಮುಚ್ಚಿಸಿ ಹೇಳಿದರು: "ಕಿವಿ ಮುಚ್ಚೋದು ಅಂತ ಬರೆದಿರ್ತಾರೆ, ಮುಚ್ಚಲ್ಲ ಕಣೇ. ಆ ಪ್ಲಾಸ್ಟಿಕ್ ಗಡುಸು, ಕೆನ್ನೆಗೆ ಸರಿಯಾಗಿ ಕೂರಲ್ಲ. ತೂತಿನೊಳಗೆ ಹೋಗೋದನ್ನ ತಗೋ. ಬಿರಡೆ ಹಾಕಿದ ಹಾಗೆ. ಒಂದು ಹನಿ ಆಚೆ ಬರಲ್ಲ."

ಮೂರರಲ್ಲಿ ಅದೇ ಅಗ್ಗ. ನನಗೆ ಅದನ್ನು ಪರೀಕ್ಷಿಸುವ ದಾರಿ ಇರಲಿಲ್ಲ, ಕರ್ಬೂಜಕ್ಕೆ ಕಿವಿ ಇಲ್ಲ. ಆರ್ಡೆಲ್ ಮಾತನ್ನು ನಂಬಿದೆ.

ಬರುವಾಗ ಅವರು ಕಾರಿನವರೆಗೂ ಬಂದು, ಮುಂದಿನ ತಿಂಗಳೂ ಬಾ ಎಂದರು. ನೋಡುತ್ತೇನೆ ಎಂದೆ.

ಮಾರ್ಲಾ


ಮೇ 22

ಅಕ್ಕಾ,

ಬಂತು. ಸೋರುವುದಿಲ್ಲ. ಮೊದಲ ದಿನ ಹಾಕಿಕೊಂಡು, ಸದ್ದನ್ನು ಪೂರ್ತಿ ಏರಿಸಿ, ಕೆಳಗೆ ಬಗ್ಗಿ ಅಜ್ಜನ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡೇ "ಹಾಕ್ಕೊಂಡಿದೀಯೋ ಇಲ್ವೋ?" ಅಂದರಂತೆ. ಅಂದರಂತೆ ಯಾಕೆಂದರೆ ನನಗೆ ಅದು ಕೇಳಿಸಲಿಲ್ಲ, ಆಮೇಲೆ ಅವರೇ ಹೇಳಿದ್ದು. ಆ ದಿನ ಅವರು ಗೊರಕೆ ಹೊಡೆದದ್ದೂ ನನಗೆ ಕೇಳಿಸಲಿಲ್ಲ. ಬೆಳಿಗ್ಗೆ ಪಕ್ಕದ ಕೋಣೆಯವರು ಬೈದುಕೊಂಡರು.

ಅವರು ಈಗ ನನಗೆ ಚೆಸ್ ಕಲಿಸುತ್ತಿದ್ದಾರೆ.

ಒಂದು ಸಣ್ಣ ತೊಂದರೆ ಇದೆ. ಸಂಜೆ ನಾಲ್ಕರ ಎಣಿಕೆಗೆ ನಾವು ಎದ್ದು ನಿಂತು ಮುಖ ತೋರಿಸಬೇಕು. ಮೈಕಿನಲ್ಲಿ ಕೂಗುತ್ತಾರೆ, ಅದು ನನಗೆ ಕೇಳಿಸುವುದಿಲ್ಲ. ಬೆಳಗಿನ ಜಾವದಿಂದ ಅಡುಗೆಮನೆಯಲ್ಲಿ ನಿಂತು ಬಂದವನು ಆ ಹೊತ್ತಿಗೆ ಟೀವಿ ನೋಡುತ್ತಲೇ ನಿದ್ದೆ ಹೋಗಿರುತ್ತೇನೆ. ಅಜ್ಜನೇ ಒಂದು ದಾರಿ ಕಂಡುಕೊಂಡರು. ಎಣಿಕೆ ಕೂಗಿದ ಕೂಡಲೆ ನನ್ನ ಮಂಚದ ತಳಕ್ಕೆ ಕಾಲಿನಿಂದ ಒದೆಯುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ಒದೆಯುವುದರಲ್ಲಿ ಸ್ವಲ್ಪ ಖುಷಿಯೂ ಇದೆ ಎಂದು ನನ್ನ ಗುಮಾನಿ.

ಆರ್ಡೆಲ್ ಅವರಿಗೆ ನನ್ನ ವಂದನೆ ತಿಳಿಸು.

ಡ್ವೈಟ್


ಜೂನ್ 12

ಪ್ರೀತಿಯ ಡ್ವೈಟ್,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಪರೀಕ್ಷೆಯ ಕೆಲಸ ಇತ್ತು. ವಂದನೆ ಆರ್ಡೆಲ್‌ಗೆ ತಲುಪಿಸಿದೆ. "ನೋಡು, ನಾನು ಹೇಳ್ಲಿಲ್ವಾ" ಅಂದರು.

ನಿನ್ನ ಪತ್ರದ ಕೊನೆಯ ಭಾಗವನ್ನು ಒಂದಕ್ಕಿಂತ ಹೆಚ್ಚು ಸಲ ಓದಿದೆ. ಹೊರಗೆ ಸದ್ದು ಹೋಗಬಾರದು ಎಂದಷ್ಟೇ ನಾನು ಯೋಚಿಸಿದ್ದೆ. ಒಳಗೆ ಬರುವ ಸದ್ದಿಗೂ ಅದೇ ಬಿರಡೆ ಎಂಬುದು ನನಗೆ ಹೊಳೆಯಬೇಕಿತ್ತು. ಎಣಿಕೆಯ ಹೊತ್ತಿಗೆ ತೆಗೆದಿಡಲು ಆಗುವುದಿಲ್ಲವೇ?

ಮಂಡಳಿಯ ದಿನ ನಿನ್ನ ಪರವಾಗಿ ಒಬ್ಬರು ಮಾತಾಡಬಹುದು ಎಂದು ಪತ್ರ ಬಂದಿದೆ. ನಾನು ಲ್ಯಾನ್ಸಿಂಗಿನ ಅವರ ಕಚೇರಿಗೆ ಹೋಗುತ್ತೇನೆ. ನೀನು ಪರದೆಯ ಮೇಲೆ ಬರುತ್ತೀಯಂತೆ. ಏನು ಹೇಳಬೇಕೆಂದು ಬರೆದುಕೊಳ್ಳುತ್ತಿದ್ದೇನೆ. ಬರೆದದ್ದೆಲ್ಲ ಪ್ರಬಂಧದ ಹಾಗೆ ಆಗುತ್ತಿದೆ.

ಮಾರ್ಲಾ


ಜುಲೈ 18

ಅಕ್ಕಾ,

ಟಿಕೆಟ್ ಬಂತು.

ಹೋದ ಮಂಗಳವಾರ ಅಜ್ಜನನ್ನು ಎದೆಯ ಪರೀಕ್ಷೆಗೆಂದು ಆಸ್ಪತ್ರೆ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದರು. ನಾನು ಮಲಗಿದ್ದೆ. ಎಣಿಕೆ ಕೂಗಿದ್ದಾರೆ, ಹೊಸ ಗಾರ್ಡು ಬಾಗಿಲಲ್ಲಿ ನಿಂತು ಎರಡು ಸಲ ಹೆಸರು ಕರೆದಿದ್ದಾನೆ, ಬಾಗಿಲು ಬಡಿದಿದ್ದಾನೆ. ನಾನು ಎದ್ದದ್ದು ಅವನು ಒಳಗೆ ಬಂದು ಮಂಚ ಅಲುಗಾಡಿಸಿದಾಗ. ಅವನು ಹೆದರಿದ್ದ. ನಾನು ಸತ್ತಿದ್ದೇನೆ ಅಂದುಕೊಂಡನಂತೆ. ಎಣಿಕೆಗೆ ಅಡ್ಡಿ ಎಂದು ಬರೆದ.

ವಿಚಾರಣೆಯಲ್ಲಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೇಳಿಸಲಿಲ್ಲ ಎಂದೆ. ತಪ್ಪಿತಸ್ಥ ಎಂದು ಬರೆದುಕೊಂಡು, ಒಂದು ವಾರ ಕೋಣೆಯಿಂದ ಹೊರಗೆ ಬಿಡುವುದಿಲ್ಲ ಎಂದರು. ಅದೇನೂ ದೊಡ್ಡದಲ್ಲ. ಕಾಗದ ಮಂಡಳಿಗೆ ಹೋಗುತ್ತದೆ, ಅದು ದೊಡ್ಡದು.

ತೆಗೆದಿಡಲು ಆಗುವುದಿಲ್ಲವೇ ಎಂದು ನೀನು ಕೇಳಿದ್ದೆ. ನಾನು ಉತ್ತರ ಬರೆದಿರಲಿಲ್ಲ.

ನೀನು ಲ್ಯಾನ್ಸಿಂಗಿಗೆ ಹೋಗುವುದು ಬೇಡ. ದೂರ.

ಡ್ವೈಟ್


ಜುಲೈ 31

ಮಾರ್ಲಾ ಮೇಡಂ ಅವರಿಗೆ,

ನಾನು ಹೋಬರ್ಟ್, ನಿಮ್ಮ ತಮ್ಮನ ಕೆಳಗಿನ ಮಂಚದವನು. ವಿಳಾಸ ಅವನ ಲಕೋಟೆಯ ಮೇಲೆ ಇತ್ತು, ನೋಡಿಕೊಂಡೆ. ನಾನು ಬರೆದದ್ದು ಅವನಿಗೆ ತಿಳಿಯದು, ತಿಳಿಯುವುದೂ ಬೇಡ.

ಅವನು ನಿಮಗೆ ಹೇಳದ ಒಂದು ವಿಷಯ ಇದೆ. ಡೆಟ್ರಾಯಿಟಿನಲ್ಲಿ ನಾನು ಎರಕದ ಕಾರ್ಖಾನೆಯಲ್ಲಿ ದುಡಿದವನು. ಅಂದಿನಿಂದ ನನ್ನ ಕಿವಿಯಲ್ಲಿ ಒಂದು ತೆಳು ಸದ್ದು ನಿಲ್ಲದೆ ಕೇಳುತ್ತದೆ. ಅದಕ್ಕೆ ಒಗ್ಗಿಕೊಂಡಿದ್ದೇನೆ. ಆದರೆ ಹೆಡ್‌ಫೋನಿನಿಂದ ಸೋರುವ ಸದ್ದು ಅದೇ ತರಹದ್ದು. ಎರಡೂ ಸೇರಿದರೆ ಯಾವುದು ಹೊರಗಿನದು, ಯಾವುದು ನನ್ನ ತಲೆಯದು ಎಂದು ತಿಳಿಯುವುದಿಲ್ಲ. ತಲೆ ಕೆಡುತ್ತಿದೆಯೇನೋ ಎಂದು ಭಯವಾಗುತ್ತದೆ. ಇಲ್ಲಿ ತಲೆ ಕೆಟ್ಟ ಮುದುಕರನ್ನು ನೋಡಿದ್ದೇನೆ. ಇದನ್ನು ನಾನು ಅವನಿಗೆ ಮಾತ್ರ ಹೇಳಿದ್ದು.

ನಾನು ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ನಾಳೆ ಒದೆಯಲು ನಾನಿರುವುದಿಲ್ಲ, ಹಳೆಯ ಹೆಡ್‌ಫೋನನ್ನೇ ಹಾಕಿಕೋ, ಅದರಲ್ಲಾದರೆ ಕೂಗು ಕೇಳಿಸುತ್ತದೆ ಎಂದೆ. ಅದನ್ನು ಆಗಲೇ ಬಿಸಾಡಿದ್ದೇನೆ ಎಂದ. ಯಾಕೆ ಎಂದರೆ, ಇದ್ದರೆ ಯಾವತ್ತಾದರೂ ಸೋಮಾರಿತನದಲ್ಲಿ ಅದನ್ನೇ ಹಾಕಿಕೊಂಡುಬಿಡುತ್ತೇನೆ ಎಂದ.

ವಿಚಾರಣೆಯಲ್ಲಿ ಅವನು ನನ್ನ ವಿಷಯ ಎತ್ತಲಿಲ್ಲ. ಇಲ್ಲಿ ಯಾರೂ ಇನ್ನೊಬ್ಬನ ಹೆಸರನ್ನು ಅವರ ಮೇಜಿನ ಮುಂದೆ ಎತ್ತುವುದಿಲ್ಲ, ಒಳ್ಳೆಯದಕ್ಕೂ ಎತ್ತುವುದಿಲ್ಲ. ಬಂದು ಹೇಳು ಎಂದು ನನ್ನನ್ನೂ ಕೇಳಲಿಲ್ಲ. ಕೇಳಿದ್ದರೂ ನಾನು ಹೋಗುತ್ತಿರಲಿಲ್ಲ. ಬಂದ ಲಾಗಾಯ್ತು ನಾನು ಯಾರ ಪರವಾಗಿಯೂ ಆ ಮೇಜಿನ ಮುಂದೆ ನಿಂತವನಲ್ಲ, ನನ್ನ ಪರವಾಗಿಯೂ ನಿಂತಿಲ್ಲ. ಈ ವಯಸ್ಸಿನಲ್ಲಿ ಅದನ್ನು ಬದಲಾಯಿಸಲಾರೆ.

ನೀವು ಹೊರಗಿನವರು. ನಿಮಗೆ ಈ ಕಟ್ಟು ಇಲ್ಲ. ನನ್ನ ಹೆಸರು ಬಿಟ್ಟು ಉಳಿದದ್ದನ್ನು ನೀವು ಹೇಳಬಹುದು.

ಹೋಬರ್ಟ್


ಆಗಸ್ಟ್ 14

ಪ್ರೀತಿಯ ಡ್ವೈಟ್,

ಲ್ಯಾನ್ಸಿಂಗಿಗೆ ನಾನು ಹೋಗುತ್ತೇನೆ. ದೂರವೇನಲ್ಲ, ಎರಡು ಗಂಟೆಯ ದಾರಿ. ನೀನು ಇರುವುದು ದೂರ.

ಬಿಡುಗಡೆಯಾದರೆ ಎಲ್ಲಿ ಇರುತ್ತೀಯ ಎಂಬ ಜಾಗದಲ್ಲಿ ನನ್ನ ವಿಳಾಸ ಬರೆದಿದ್ದೇನೆ. ಹಿಂದಿನ ಕೋಣೆಯಲ್ಲಿದ್ದ ನನ್ನ ಪುಸ್ತಕಗಳನ್ನು ಹಜಾರಕ್ಕೆ ತಂದೆ. ಹಜಾರದಲ್ಲಿ ಈಗ ಒಬ್ಬರೇ ನಡೆಯುವಷ್ಟು ಜಾಗ. ಕೆಳಗೆ ಮನೆಯ ಒಡತಿ ಮಿಸೆಸ್ ಟಿಮ್ಮರ್ ಇದ್ದಾರೆ, ಎಂಬತ್ತು ಸಮೀಪಿಸಿದವರು. ಮೇಲೆ ಯಾರು ಇರಬೇಕು, ಇರಬಾರದು ಎನ್ನುವುದಕ್ಕೆ ಅವರ ಒಪ್ಪಿಗೆ ಬೇಕಾಗುತ್ತದೆ. ನಾನು ಅವರಿಗೆ ಇನ್ನೂ ಏನೂ ಹೇಳಿಲ್ಲ. ಇಷ್ಟು ವರ್ಷವೂ ಹೇಳಿರಲಿಲ್ಲ.

ನಿನ್ನ ಚೆಸ್ ಹೇಗೆ ನಡೆಯುತ್ತಿದೆ?

ಮಾರ್ಲಾ


ಸೆಪ್ಟೆಂಬರ್ 25

ಮಾನ್ಯ ಹೋಬರ್ಟ್ ಅವರಿಗೆ,

ನಿಮ್ಮ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಮಂಡಳಿಯಲ್ಲಿ ನಡೆದದ್ದನ್ನು ಡ್ವೈಟ್ ನಿಮಗೆ ಹೇಳಿರಲಾರ. ನಿಮಗೆ ತಿಳಿಯಬೇಕು.

ಮಂಡಳಿಯಿಂದ ಬಂದವರು ಒಬ್ಬರೇ, ಕನ್ನಡಕದ ಹೆಂಗಸು. ಗೋಡೆಯ ಮೇಲಿನ ಪರದೆಯಲ್ಲಿ ಡ್ವೈಟ್ ಸಣ್ಣಗೆ ಕಾಣುತ್ತಿದ್ದ. ಕೂದಲು ಇಷ್ಟು ಹಣ್ಣಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಮೊದಲಿನಿಂದ ಕೇಳುತ್ತ ಬಂದರು. ಕುಡಿದು ಟ್ರಕ್ ಓಡಿಸಿದ್ದು, ರಸ್ತೆ ದಾಟುತ್ತಿದ್ದ ಮನುಷ್ಯ ಸತ್ತದ್ದು, ಆತನಿಗೆ ಇಬ್ಬರು ಮಕ್ಕಳಿದ್ದದ್ದು. ಡ್ವೈಟ್ ಎಲ್ಲಕ್ಕೂ ಹೌದು ಎಂದ. ಆ ಮನುಷ್ಯನ ಪೂರ್ತಿ ಹೆಸರನ್ನು ಅವರು ಹೇಳುವ ಮೊದಲು ತಾನೇ ಹೇಳಿದ. ಆಮೇಲೆ ಜುಲೈನ ಟಿಕೆಟ್ಟಿನ ಮಾತು ಬಂತು.

"ಕೇಳಿಸಲಿಲ್ಲ ಮೇಡಂ," ಎಂದ. ಅಷ್ಟೇ.

ನನ್ನ ಸರದಿ ಬಂದಾಗ ಬರೆದು ತಂದ ಹಾಳೆಗಳನ್ನು ಚೀಲದಲ್ಲೇ ಬಿಟ್ಟೆ. ನೀವು ಬರೆದದ್ದನ್ನು, ನಿಮ್ಮ ಹೆಸರನ್ನೂ ನಿಮ್ಮ ಕಿವಿಯ ವಿಷಯವನ್ನೂ ಬಿಟ್ಟು, ಹೇಳಿದೆ. ಕೆಳಗೆ ಮಲಗುವವರ ನಿದ್ದೆಗಾಗಿ ಅವನು ಅದನ್ನು ಹಾಕಿಕೊಂಡಿದ್ದ ಎಂದೆ. ಅದನ್ನು ಆರಿಸಿದವಳು ನಾನು, ಹೊರಗೆ ಸೋರಬಾರದು ಎನ್ನುವುದೊಂದನ್ನೇ ನೋಡಿದೆ ಎಂದೆ. ಪರದೆಯಲ್ಲಿ ಡ್ವೈಟ್ ತಲೆ ತಗ್ಗಿಸಿದ. ಅವನಿಗೆ ಕೋಪ ಬಂದಿರಬೇಕು.

ಆ ಹೆಂಗಸು ಏನೋ ಬರೆದುಕೊಂಡು, ಅವನ ಕಡೆ ತಿರುಗಿ, ಈಗ ಎಣಿಕೆಗೆ ಏನು ಮಾಡ್ತೀರಿ ಎಂದು ಕೇಳಿದರು.

"ಒಂದೇ ಕಿವಿಗೆ ಹಾಕ್ಕೋತೀನಿ ಮೇಡಂ. ಇನ್ನೊಂದು ಕಿವಿ ಬಾಗಿಲ ಕಡೆಗಿರತ್ತೆ."

"ಹಾಕ್ಕೊಳ್ಳದ ಇನ್ನೊಂದರಿಂದ ಸದ್ದು ಬರಲ್ವಾ?"

"ಅದನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡ್ಕೊಂಡಿರ್ತೀನಿ."

"ನಿದ್ದೆ ಬಂದ್ರೆ?"

"ಮುಷ್ಟಿ ಸಡಿಲ ಆಗತ್ತೆ. ಸದ್ದು ಬರತ್ತೆ. ಕೆಳಗಿನೋರು ಎಬ್ಬಿಸ್ತಾರೆ."

ಅವರು ನಗಲಿಲ್ಲ. ಆದರೆ ಲೇಖನಿಯನ್ನು ಕೆಳಗಿಟ್ಟರು. ಅದರ ಅರ್ಥವೇನೋ ನನಗೆ ತಿಳಿಯದು. ಉತ್ತರ ಟಪಾಲಿನಲ್ಲಿ ಬರುತ್ತದೆ ಎಂದರು.

ನಿಮ್ಮ ಎದೆಯ ಪರೀಕ್ಷೆಯ ಫಲಿತಾಂಶ ಒಳ್ಳೆಯದಿರಲಿ.

ಮಾರ್ಲಾ


ಅಕ್ಟೋಬರ್ 16

ಅಕ್ಕಾ,

ಕಾಗದ ಬಂತು. ಬಿಡುಗಡೆ ಒಪ್ಪಿದ್ದಾರೆ. ಡಿಸೆಂಬರ್ ಎಂದಿದೆ, ಮನೆ ಸರಿ ಇದ್ದರೆ. ನೋಡಲು ಒಬ್ಬ ಅಧಿಕಾರಿ ನಿನ್ನಲ್ಲಿಗೆ ಬರುತ್ತಾರೆ. ಮನೆ ಸರಿ ಇಲ್ಲ ಎಂದರೆ ಬೇರೆ ವಿಳಾಸ ಸಿಗುವವರೆಗೆ ಇಲ್ಲೇ. ನನಗೆ ಬೇರೆ ವಿಳಾಸ ಇಲ್ಲ.

ಹಳೆಯದನ್ನು ಬಿಸಾಡಿದ ವಿಷಯ ನಿನಗೆ ಹೇಗೆ ತಿಳಿಯಿತು ಎಂದು ನಾನು ಕೇಳುವುದಿಲ್ಲ. ಆ ದಿನ ಕೋಪ ಬಂದಿತ್ತು. ಕೋಣೆಗೆ ಬಂದಾಗ ಅಜ್ಜ ಚೆಸ್ ಹಲಗೆ ಹಾಕಿ ಕಾಯುತ್ತಿದ್ದರು. ಸೋತೆ. ಅವರೂ ಏನೂ ಕೇಳಲಿಲ್ಲ.

ಅವರ ಎದೆಯಲ್ಲಿ ಏನೋ ಇದೆಯಂತೆ. ಬೇರೆ ಜೈಲಿನ ಆಸ್ಪತ್ರೆಗೆ ಕಳಿಸುತ್ತಾರೆ, ಯಾವತ್ತು ಎಂದು ಹೇಳಿಲ್ಲ. ಅವರು ಹೋದ ಮೇಲೆ ಬೇರೆ ಯಾರನ್ನೋ ಹಾಕುತ್ತಾರೆ.

ಮಿಸೆಸ್ ಟಿಮ್ಮರ್ ಏನಂದರು?

ಡ್ವೈಟ್


ನವೆಂಬರ್ 6

ಪ್ರೀತಿಯ ಡ್ವೈಟ್,

ಅಧಿಕಾರಿ ಗುರುವಾರ ಬಂದಿದ್ದ. ನಿನ್ನ ಕೋಣೆಯ ಕಿಟಕಿ ತೆರೆದು ನೋಡಿದ, ಹೀಟರಿನ ಮೇಲೆ ಕೈ ಇಟ್ಟ, ಅಡುಗೆಮನೆಯ ಕಪಾಟುಗಳನ್ನೆಲ್ಲ ತೆಗೆದು ಮದ್ಯ ಇಲ್ಲವೆಂದು ಖಚಿತ ಮಾಡಿಕೊಂಡ. ಹಜಾರದಲ್ಲಿ ಪುಸ್ತಕಗಳ ನಡುವೆ ಅಡ್ಡವಾಗಿ ನಡೆಯಬೇಕಾಯಿತು. ಇವನ್ನೆಲ್ಲ ಓದಿದ್ದೀರಾ ಎಂದ. ಇಲ್ಲ ಎಂದೆ.

ಆಮೇಲೆ ಅವನು ಕೆಳಗೆ ಹೋದ. ಮಿಸೆಸ್ ಟಿಮ್ಮರ್ ಒಪ್ಪಿ ಸಹಿ ಮಾಡಬೇಕು, ಮಾಡದಿದ್ದರೆ ಈ ವಿಳಾಸ ನಡೆಯುವುದಿಲ್ಲ ಎಂದು ಮೊದಲೇ ಹೇಳಿದ್ದ. ಅವನಿಗಿಂತ ಮುಂಚೆ ನಾನೇ ಹೋಗಿ ಅವರಿಗೆ ಹೇಳಬೇಕೆಂದು ಇಡೀ ವಾರ ಅಂದುಕೊಂಡಿದ್ದೆ. ಬುಧವಾರ ಸಂಜೆ ಮೆಟ್ಟಿಲಿಳಿದು ಹೋಗಿ, ಕಸದ ಡಬ್ಬಿ ಹೊರಗಿಡುವ ದಿನ ಬದಲಾಗಿದೆಯೇ ಎಂದು ಕೇಳಿ ಬಂದೆ.

ಅವನು ಕೆಳಗೆ ಅರ್ಧ ಗಂಟೆ ಇದ್ದ. ನೆಲದ ಹಲಗೆಯಿಂದ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹೆಚ್ಚಿಗೆ ಅವನದೇ ದನಿ. ಹೋಗುವಾಗ, ಅವರು ಯೋಚಿಸಿ ಹೇಳುತ್ತಾರಂತೆ ಎಂದ.

ನಿನ್ನೆ ಅಂಚೆಪೆಟ್ಟಿಗೆಯ ಹತ್ತಿರ ಇಬ್ಬರೂ ಎದುರಾದೆವು. ಚಳಿ ಬೇಗ ಬಂತು ಎಂದರು. ಹೌದು ಎಂದೆ. ಅವರು ಯೋಚಿಸುತ್ತಿದ್ದಾರೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು, ಏನು ಯೋಚಿಸುತ್ತಿದ್ದಾರೆ ಎಂದು ತಿಳಿಯಲಿಲ್ಲ. ನಾನು ಅವರನ್ನು ದೂರುವುದಿಲ್ಲ. ಒಂಟಿ ಮುದುಕಿ. ಇಷ್ಟು ವರ್ಷ ಮೇಲೆ ಇದ್ದವಳಿಗೆ ಒಬ್ಬ ತಮ್ಮ ಇದ್ದಾನೆ ಎಂಬುದನ್ನು ಅವರು ಬೇರೊಬ್ಬನ ಬಾಯಲ್ಲಿ ಕೇಳಿದ್ದು.

ಆದ್ದರಿಂದ ಇವತ್ತಿಗೆ ನಿನಗೆ ಹೇಳಲು ಏನೂ ಇಲ್ಲ. ಅಜ್ಜನ ವಿಷಯ ತಿಳಿದರೆ ಬರೆ.

ನಿನ್ನ ಅಕ್ಕ,
ಮಾರ್ಲಾ

ಲಕೋಟೆ ಅಂಟಿಸುವುದರೊಳಗೆ ಬಾಗಿಲು ಬಡಿದ ಸದ್ದಾಯಿತು, ಆದ್ದರಿಂದ ಇದಿಷ್ಟು ಸೇರಿಸುತ್ತಿದ್ದೇನೆ. ಮಿಸೆಸ್ ಟಿಮ್ಮರ್. ಚರ್ಚಿಗೆ ಹೋಗಿ ಬಂದ ಕೋಟಿನಲ್ಲೇ ಮೇಲೆ ಹತ್ತಿ ಬಂದಿದ್ದರು, ಕೈಯಲ್ಲಿ ಅಧಿಕಾರಿ ಕೊಟ್ಟುಹೋದ ಒಪ್ಪಿಗೆಯ ಕಾಗದ, ಮಡಿಸಿದ್ದು. ಒಳಗೆ ಬನ್ನಿ ಎಂದೆ. ಒಲೆಯ ಮೇಲೆ ಸೂಪ್ ಇಟ್ಟಿದ್ದೇನೆ ಎಂದು ಹೊಸ್ತಿಲಲ್ಲೇ ನಿಂತರು. ನಾನು ಮಾತು ಶುರು ಮಾಡಿದೆ, ಹದಿಮೂರು ವರ್ಷದ ಹಿಂದಿನಿಂದ. ಅವರು ಕೈ ಎತ್ತಿ ನಿಲ್ಲಿಸಿದರು.

"ಆ ಮನುಷ್ಯ ಹೇಳಿದಾನೆ, ಬಿಡಿ. ನಂಗೆ ಒಂದೇ ಒಂದು ತಿಳೀಬೇಕು. ನನ್ನ ಮಂಚ ಇರೋದು ಆ ಹಿಂದಿನ ಕೋಣೆ ಕೆಳಗೇನೇ. ನಿಮ್ಮ ತಮ್ಮ ರಾತ್ರಿ ಟೀವಿ ಜೋರಾಗಿ ಹಾಕೋನಾ?"